ತಾಗಿದ ಕಲ್ಲು

ಲಕ್ವ ಹೊಡೆದು ನೆಟ್ಟಿ ಹ್ರಿಂಚುಕ್‌ಳ ಎಡಗಾಲು ಎಳೆಯತೊಡಗಿದ ಮೇಲೆ, ಸಸ್ಕಾಚೆವಾನಿನ ಆ ಪುಟ್ಟ ಊರಿಗೆ ಊರೇ ಸಂಭಾವಿತವಾಗಿಬಿಟ್ಟಿತು. ಅಂಗಡಿಯವನು ಕೇಳದೆಯೇ ಅವಳ ಚೀಲ ಹೊತ್ತು ತರುತ್ತಿದ್ದ. ಅವಳು ಮಾತು ಮುಗಿಸುವ ಮೊದಲೇ ಎಲ್ಲರೂ ಹೌದು ಹೌದು ಎನ್ನುತ್ತಿದ್ದರು. ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸಿ, ಅದರ ಮುಂದೆ ಪೊರಕೆಯಿಂದ ಉಜ್ಜುತ್ತ ಗುರಿ ಮುಟ್ಟಿಸುವ ಕರ್ಲಿಂಗ್ ಆಟದಲ್ಲಿ ಅವಳ ತಂಡದ ನಾಯಕಿ ಕ್ಲಿಯೋ, ಇಪ್ಪತ್ತು ವರ್ಷದ ಗೆಳತಿ, ಮೊದಲೆಲ್ಲ ಮಂಜುಗಡ್ಡೆಯ ಆ ತುದಿಯಿಂದ "ಉಜ್ಜೇ, ನಿದ್ದೆ ಮಾಡ್ತಿದೀಯಾ?" ಎಂದು ಕಿರುಚುತ್ತಿದ್ದವಳು, ಈಗ "ಆದಷ್ಟು ಉಜ್ಜು ಚಿನ್ನ" ಎನ್ನುತ್ತಿದ್ದಳು. ಆ "ಚಿನ್ನ" ಕೇಳಿದರೆ ನೆಟ್ಟಿಗೆ ಮೈಯೆಲ್ಲ ಉರಿಯುತ್ತಿತ್ತು. ಇವತ್ತೂ ಹೀಗೇ ಆದರೆ ಆಟವನ್ನೇ ಬಿಡುವುದೆಂದು ಗಟ್ಟಿ ಮನಸ್ಸು ಮಾಡಿಕೊಂಡೇ ಬಂದಿದ್ದಳು.

ಕೊನೆಯ ಸುತ್ತು, ಎರಡೂ ತಂಡ ಸಮ. ಗುರಿಯ ನಡುವಿಗೆ ಹತ್ತಿರವಿದ್ದದ್ದು ಎದುರು ತಂಡದ ಕಲ್ಲು, ಅದನ್ನು ಮೀರಿಸದಿದ್ದರೆ ಗೆಲುವು ಅವರದೇ. ಕ್ಲಿಯೋ ಬಿಟ್ಟ ಕೊನೆಯ ಕಲ್ಲು ಜಾರುತ್ತ ಬಂತು. ಅದರ ಮುಂದೆ ಮಂಜುಗಡ್ಡೆ ಉಜ್ಜುತ್ತ ಓಡುತ್ತಿದ್ದ ನೆಟ್ಟಿಯ ಎಡಗಾಲು ಗುರಿಯ ಹತ್ತಿರ ಅದಕ್ಕೆ ತಾಗಿತು. ಕಲ್ಲು ಹೋಗಿ ಗುರಿಯ ನಟ್ಟನಡುವೆ ನಿಂತಿತು. ಈ ಆಟದಲ್ಲಿ ತಾಗಿಸಿದವರೇ ಬಾಯಿಬಿಟ್ಟು ಹೇಳಬೇಕು.

"ತಾಗ್ತು, ನನ್ ಕಾಲು," ಎಂದಳು ನೆಟ್ಟಿ.

"ಬಿಡು ಚಿನ್ನ, ನೀನೇನ್ ಬೇಕೂಂತ ಮಾಡಿದ್ಯಾ?" ಎಂದಳು ಕ್ಲಿಯೋ. ಎದುರು ತಂಡದವರೂ ಪಾಪ, ಇರಲಿ ಎಂದರು.

ತಾಗಿದ ಕಲ್ಲಿನ ತೀರ್ಮಾನ ಎದುರು ನಾಯಕಿಯದು. ಎಪ್ಪತ್ತೆರಡರ ಡಾಗ್ನಿ ಕುಂಟುಗಿಂಟು ಏನನ್ನೂ ನೋಡದೆ ನೇರವಾಗಿ ಬಂದು, ಕಲ್ಲನ್ನು ಹೊರಕ್ಕೆ ದಬ್ಬಿದಳು.

"ಲಕ್ವ ಹೊಡ್ದಿರೋದು ಕಾಲಿಗೆ, ಆಟಕ್ಕಲ್ಲ. ನಾವು ಗೆದ್ವಿ."

ನೆಟ್ಟಿಗೆ ಆ ಜಗಳಗಂಟಿ ಮುದುಕಿಯನ್ನು ತಬ್ಬಿಕೊಳ್ಳಬೇಕೆನ್ನಿಸಿತು. ಸೋತಿದ್ದಕ್ಕೆ ಇಷ್ಟು ಸಂತೋಷ ಅವಳಿಗೆ ಜನ್ಮದಲ್ಲೇ ಆಗಿರಲಿಲ್ಲ.

ಆಟ ಮುಗಿದರೆ ಗೆದ್ದವರು ಸೋತವರಿಗೆ ಬಿಯರ್ ಕೊಡಿಸುವುದು ವಾಡಿಕೆ. ಡಾಗ್ನಿ ಕೊಡಿಸಿದ ಬಿಯರನ್ನು ಮುಟ್ಟದೆ ಮುಖ ಊದಿಸಿಕೊಂಡು ಕೂತಿದ್ದ ಕ್ಲಿಯೋ ಕೊನೆಗೂ ತಡೆಯಲಾರದೆ ಸಿಡಿದಳು.

"ಎಲ್ಲಾ ನಿನ್ನಿಂದ್ಲೇ ಕಣೇ. ಎಳೆಯೋ ಕಾಲನ್ನ ಕಲ್ಲಿನ್ ಕಡೆಗಿಟ್ಕೊಂಡು ಯಾರಾದ್ರೂ ಉಜ್ತಾರಾ? ಆಚೆ ಪಕ್ಕ ನಿಂತ್ಕೊಳ್ಳೋಕೆ ಏನ್ ಧಾಡಿ ನಿಂಗೆ?"

ನೆಟ್ಟಿ ಯೋಚಿಸಿದಳು. ಹೌದಲ್ಲ, ಆಚೆ ಪಕ್ಕ ನಿಂತರೆ ಕಲ್ಲಿನ ಕಡೆಗೆ ಬಲಗಾಲೇ ಬರುತ್ತದೆ.

"ಇದು ನಿಂಗ್ ಯಾವಾಗ ಹೊಳೀತೇ?"

"ಹತ್ ತಿಂಗಳಾಯ್ತು," ಎಂದಳು ಕ್ಲಿಯೋ, ದನಿ ತಗ್ಗಿಸಿ. "ಹೇಳಿದ್ರೆ ನೊಂದ್ಕೋತೀಯೇನೋ ಅಂತ ಸುಮ್ನಿದ್ದೆ."

ನೆಟ್ಟಿಯ ಕಣ್ಣು ತುಂಬಿ ಬಂತು. "ನಿನ್ ಪುಣ್ಯ ಮಾರಾಯ್ತಿ," ಎಂದು ಅವಳ ಕೈ ಹಿಡಿದುಕೊಂಡಳು. "ಇನ್ನೇನೇನ್ ಹೇಳೋದಿದೆ, ಎಲ್ಲಾ ಹೇಳ್ಬಿಡು."

ಕ್ಲಿಯೋ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಶುರುಮಾಡಿದಳು.