ಬದಲಿ ಉಸಿರು

ಕ್ರಷರ್ ನಿಂತು ವಾರವಾಗಿತ್ತು. ಬೆಲ್ಟು ಹರಿದಿದೆ ಎಂದಿದ್ದರು ಧಣಿಯ ಕಡೆಯವರು; ಬೆಲ್ಟು ನೆಟ್ಟಗಿರುವುದನ್ನು ನಾವೇ ಕಂಡಿದ್ದೆವು. ಎದೆಯ ಉಸಿರು ಅಳೆಯುವ ಊದುವ ಪರೀಕ್ಷೆಗೆಂದು ಗೋದಾಮಿನ ಮುಂದೆ ಸಾಲಾಗಿ ನಿಂತಿದ್ದೆವು.

ಸರ್ಕಾರ ನಮಗೆಲ್ಲ ಮಾಸ್ಕು ಹಂಚಿತ್ತು. ಹಂಚುವ ಮುನ್ನ ಒಮ್ಮೆ ಊದಿಸಿದ್ದರು. ಅಂದು ಕೆಲಸದ ನಡುವೆ ಕ್ರಷರಿನ ಬುಡದಿಂದಲೇ ಎಬ್ಬಿಸಿ ಕರೆತಂದಿದ್ದರು. ರೆಪ್ಪೆಯ ಮೇಲೆ ಕಲ್ಲುಪುಡಿ ಕೂತಿತ್ತು. ಈಗ ಇನ್ನೊಮ್ಮೆ. ಉಸಿರು ಹೆಚ್ಚಿದೆಯೆಂದಾದರೆ ಮಾಸ್ಕೇ ಸಾಕು. ಧೂಳು ಅಡಗಲು ನೀರು ಬಿಡಿ ಎಂಬ ನಮ್ಮ ಕೂಗಿಗೆ ಅಲ್ಲಿಗೇ ಮಣ್ಣು.

ನನ್ನ ಮುಂದೆ ತುತ್ತೂರಿಯ ಹೆಂಡತಿ ನಿಂತಿದ್ದಳು. ಕ್ರಷರಿನ ಸದ್ದು ಮೀರಿಸುವ ಗಂಟಲಿತ್ತು ಅವನಿಗೆ. ಅದಕ್ಕೇ ಆ ಹೆಸರು. ಹೋದ ತಿಂಗಳು ಅವನನ್ನು ಮಣ್ಣು ಮಾಡಿ ಬಂದಿದ್ದೆವು.

ಅವಳು ಗಂಡನ ಪರೀಕ್ಷೆಯ ಕಾರ್ಡು ಚಾಚಿದಳು.

"ಇವರೆಲ್ಲಮ್ಮ?" ಎಂದರು ಪರೀಕ್ಷೆಯ ಸಾಹೇಬರು.

"ಹೋಗ್ಬಿಟ್ರು ಸ್ವಾಮಿ. ಬದಲಿಗೆ ನಾನು ಊದ್ತೀನಿ."

"ಅದು ಹೆಂಗಾಗತ್ತೆ? ಮೊದಲು ಊದಿದೋರೇ ಮತ್ತೆ ಊದ್ಬೇಕು. ಒಬ್ಬೊಬ್ಬರದೂ ಹಿಂದಿನ ಉಸಿರು, ಈಗಿನ ಉಸಿರು ಪಕ್ಕಪಕ್ಕ ಇಟ್ಟು ನೋಡೋದು."

ಅವಳದೇನು ತಪ್ಪು? ನಮ್ಮಲ್ಲಿ ನಡೆದುಬಂದದ್ದೇ ಹಾಗೆ. ಅವನು ಕೆಮ್ಮಿ ಕುಸಿದ ದಿನವೆಲ್ಲ ಅವಳೇ ಕಲ್ಲು ಹೊತ್ತಳು. ಹಾಜರಿ ಅವನ ಹೆಸರಿಗೇ ಬಿತ್ತು.

ಮೇಜಿನ ಪಕ್ಕ ನಿಂತಿದ್ದ, ಹಾಜರಿ ಹಾಕುವ ಮೇಸ್ತ್ರಿಯ ಕಡೆ ತಿರುಗಿದಳು. "ನನ್ನ ಸೊಂಟ ಬದಲಿಗೆ ಆಗ್ತಿತ್ತು. ಉಸಿರು ಆಗಲ್ವೇನಣ್ಣ?"

ಮತ್ತೆ ಸಾಹೇಬರತ್ತ ಹೊರಳಿದಳು.

"ಹಂಗಾದ್ರೆ ಅವರನ್ನ ಏನಂತ ಬರ್ಕೋತೀರಾ ಸ್ವಾಮಿ?"

"ಎರಡನೇ ಸಲ ಊದದೋರನ್ನ ಬಿಟ್ಟುಬಿಡ್ತೀವಮ್ಮ. ಹಾಸಿಗೆ ಹಿಡಿದೋರನ್ನೂ ಅಷ್ಟೆ. ಅದು ಪದ್ಧತಿ."

"ಸತ್ತೋರು ಬಿಟ್ಟುಹೋದ್ರು, ನೆಲ ಕಚ್ಚಿದೋರು ಬಿಟ್ಟುಹೋದ್ರು. ನಿಂತಿರೋರನ್ನ ಊದಿಸಿ, ಮಾಸ್ಕು ಗೆದ್ತು ಅಂತ ಡಂಗುರ ಹೊಡೀತೀರಾ!"

ಹಿಂದಿನಿಂದ ಯಾರೋ ಕೂಗಿದರು: "ಸತ್ತೋರ್ಗೆ ಕೆಮ್ಮೂ ಇಲ್ಲ ಸ್ವಾಮಿ. ಗುಣ ಆಯ್ತು ಅಂತ ಬರ್ಕೊಂಬಿಡಿ!"

ಸಾಹೇಬರು ಕೈ ಬೀಸಿದರು.

"ಪಕ್ಕಕ್ಕೆ ಸರ್ಕೊಳ್ಳಮ್ಮ. ಮುಂದಿನೋರು ಬನ್ನಿ."

ನನ್ನ ಸರದಿ. ವಾರದ ಬಿಡುವಿಗೆ ಎದೆ ಹಗುರಾಗಿತ್ತು. ಊದಿದರೆ ಯಂತ್ರದ ಮುಳ್ಳು ಮೇಲೇರುವುದು ಖಂಡಿತ. ನನ್ನ ಮಗಳೂ ಅದೇ ಕ್ರಷರಿನ ಬುಡದಲ್ಲಿ ದುಡಿಯುವವಳು. ಆ ಮುಳ್ಳು ನಾಟುವುದು ಅವಳ ಎದೆಗೇ.

ಸಾಹೇಬರು ಕೊಟ್ಟ ಊದುವ ಕೊಳವೆಯನ್ನು ಮೇಜಿನ ಮೇಲಿಟ್ಟೆ.

"ಊದಪ್ಪ."

"ಊದಲ್ಲ. ತುತ್ತೂರಿ ಲೆಕ್ಕಕ್ಕೆ ಬರೋತನಕ ನನ್ನನ್ನೂ ಬಿಟ್ಟುಬಿಡಿ."

ಮೇಸ್ತ್ರಿ ಹಾರಾಡಿದ. "ನಾಳೆ ಕೆಲಸಕ್ಕೆ ಹೆಂಗೆ ಬರ್ತೀಯೋ ನೋಡ್ತೀನಿ!"

"ಎಲ್ಲರೂ ಒಟ್ಟಿಗೇ ಬರ್ತೀವಿ," ಎಂದಳು ತುತ್ತೂರಿಯ ಹೆಂಡತಿ. "ನೀರು ಬಿಟ್ರೆ ಕ್ರಷರ್ ನಾವು ತಿರುಗಿಸ್ತೀವಿ. ಇಲ್ಲಾಂದ್ರೆ ಧಣಿ ಬಂದು ತಿರುಗಿಸ್ಲಿ."

ನನ್ನ ಹಿಂದಿದ್ದವನು ಮುಂದೆ ಬಂದು ಬಾಯಿ ಬಿಗಿದು ನಿಂತ. ಅವನ ಹಿಂದಿದ್ದವಳೂ ಹಾಗೆಯೇ. ಸಾಹೇಬರು ಕೊಳವೆ ಹಿಡಿದು ಒಬ್ಬೊಬ್ಬರ ಮುಖದ ಮುಂದೆ ಒಯ್ದರು. ಅಷ್ಟು ಜನರ ಉಸಿರು ಅಲ್ಲೇ ಏರಿ ಇಳಿಯುತ್ತಿತ್ತು. ಎಳ್ಳಷ್ಟೂ ಅವರಿಗೆ ಸಿಗಲಿಲ್ಲ.