ತರಬೇತುದಾರನ ಹೆಸರು

ಸೆಪ್ಟೆಂಬರಿನಲ್ಲಿ ನಾಯಿ ಓಟದ ಗೌರವ ಸಮಿತಿಯಿಂದ ಪತ್ರ ಬಂತು. ನಮ್ಮ ಗ್ರೇಹೌಂಡ್ ನಾಯಿ ಕಿಲ್ಮೊರಾ ಲ್ಯಾಂಟರ್ನ್ ಹೆಸರನ್ನು ಈ ವರ್ಷ ಮಹಾನ್ ಓಟಗಾರರ ಪಟ್ಟಿಗೆ ಸೇರಿಸುತ್ತಾರಂತೆ. ನವೆಂಬರಿನ ಒಂದು ಭಾನುವಾರ ಮಧ್ಯಾಹ್ನ ಲಿಮರಿಕ್‌ನಲ್ಲಿ ಊಟ. ಜೊತೆಗೊಂದು ಅರ್ಜಿಯಿತ್ತು. ಅದರಲ್ಲಿ ‘ತರಬೇತುದಾರ’ ಎಂಬ ಜಾಗ ಖಾಲಿ.

ನಾನು ಕಾನೂನು ಓದಿದವಳು. ಆದ್ದರಿಂದ ಈ ಮನೆಯ ಕಾಗದಪತ್ರವೆಲ್ಲ ನನ್ನ ಪಾಲಿಗೆ ಬರುತ್ತದೆ.

ಮಾವ ಡೆನಿ ಹಾರ್ಟಿಗನ್ ಒಲೆಯ ಮುಂದೆ ಕೂತಿದ್ದರು. “ಲೋರ್ಕನ್ ಅಂತ ಬರಿ,” ಎಂದರು.

“ಬರೆಯೋಕಾಗಲ್ಲ, ಮಾವ.”

“ಯಾಕಾಗಲ್ಲ? ನಾಯೀನ ತಯಾರು ಮಾಡ್ದೋನು ಅವನು. ನಾನು ಮಾಡಿದ್ದೇನು, ಲೈಸೆನ್ಸಿಗೆ ಸಹಿ ಹಾಕಿದ್ದು. ಅದನ್ನ ಬೆಕ್ಕೂ ಹಾಕುತ್ತೆ.”

ಲೋರ್ಕನ್ ನನ್ನ ಗಂಡ. ಫೆಬ್ರವರಿಯ ಒಂದು ಬೆಳಿಗ್ಗೆ ನಾಯಿಗಳನ್ನು ರಸ್ತೆಯಲ್ಲಿ ನಡೆಸುತ್ತಿದ್ದಾಗ ತಿರುವಿನಲ್ಲಿ ಹಾಲಿನ ಲಾರಿ ಬಂತು. ನಾಯಿಗಳಿಗೆ ಏನೂ ಆಗಲಿಲ್ಲ.

ಅದಕ್ಕೂ ಆರು ವರ್ಷ ಹಿಂದೆ ಅವನಿಗೆ ನಿಷೇಧ ಬಿದ್ದಿತ್ತು. ಇಲ್ಲಿ ಎಲ್ಲರೂ ಮಾಡುವಂತೆ ಅವನೂ ನಾಯಿಗಳಿಗೆ ಸತ್ತ ಹಸುವಿನ ಮಾಂಸ ಬೇಯಿಸಿ ಹಾಕುತ್ತಿದ್ದ. ಹಾಗೆ ತಂದ ಒಂದು ಹಸುವಿಗೆ ಸಾಯುವ ಮುನ್ನ ಚುಚ್ಚಿದ್ದ ಔಷಧ ನಮ್ಮ ಒಂದು ನಾಯಿಯ ಮೂತ್ರದಲ್ಲಿ ಸಿಕ್ಕಿತು. ಹಸು ಯಾಕೆ ಸತ್ತಿತು ಎಂದು ಕೇಳಬೇಕೆಂದು ಅವನಿಗೆ ಹೊಳೆದಿರಲಿಲ್ಲ. ಎರಡು ವರ್ಷ ಅವನು ಯಾವ ನಾಯಿಗೂ ತರಬೇತಿ ಕೊಡುವಂತಿಲ್ಲ, ಓಟದ ಮೈದಾನದ ಗೇಟು ದಾಟುವಂತಿಲ್ಲ.

ತರಬೇತಿಯ ಲೈಸೆನ್ಸು ಮಾವನ ಹೆಸರಿಗೆ ಬಂತು. ಬೆಳಿಗ್ಗೆ ಐದಕ್ಕೆ ಏಳುವವನು ಮಾತ್ರ ಲೋರ್ಕನ್ನೇ. ಆ ಎರಡು ವರ್ಷದಲ್ಲೇ ಲ್ಯಾಂಟರ್ನ್ ದೊಡ್ಡ ಫೈನಲ್ ಗೆದ್ದ. ಅಂದು ನಾನು ನಾಯಿ ಹಿಡಿದು ಮೈದಾನಕ್ಕೆ ಹೋದೆ. ಲೋರ್ಕನ್ ಹೊರಗೆ ರಸ್ತೆಬದಿಯ ವ್ಯಾನಿನಲ್ಲಿ ಕೂತು ಧ್ವನಿವರ್ಧಕದಲ್ಲಿ ಓಟದ ವಿವರಣೆ ಕೇಳಿಸಿಕೊಂಡ. ನಾವು ಹೊರಬಂದಾಗ, “ಮೂರನೇ ತಿರುವಲ್ಲಿ ಒಳಗಡೆಯಿಂದ ನುಗ್ಗಿದ್ನಾ?” ಎಂದಷ್ಟೇ ಕೇಳಿದ.

ನಾನು ಮಾವನಿಗೆ ನಿಯಮ ಓದಿ ಹೇಳಿದೆ. ನಿಷೇಧಿತನು ತಯಾರು ಮಾಡಿದ ನಾಯಿಯ ಗೆಲುವು ರದ್ದು. ಹೆಸರು ದಾಖಲೆಯಿಂದ ಹೋಗುತ್ತದೆ. ಸುಳ್ಳು ಲೈಸೆನ್ಸಿನವನಿಗೂ ನಿಷೇಧ.

“ನನ್ನ ನಿಷೇಧ ಹಾಳಾಗಿ ಹೋಗ್ಲಿ. ನಂಗೆ ಎಪ್ಪತ್ತೆಂಟು.”

“ನಾಯಿ ಹೆಸರೂ ಹೋಗುತ್ತೆ, ಮಾವ. ಲೋರ್ಕನ್ ಮಾಡಿದ್ದು ಅಂತ ಉಳಿದಿರೋದು ಅದೊಂದೇ.”

ಅವರು ಒಲೆಗೆ ಒಂದು ಕೊರಡು ತುರುಕಿದರು. “ಹಾಗಾದ್ರೆ ನೀನೇ ಬರಿ. ನನ್ನ ಕೈಯಲ್ಲಾಗಲ್ಲ.”

ತರಬೇತುದಾರ: ಡೆನಿಸ್ ಹಾರ್ಟಿಗನ್. ಅಚ್ಚುಕಟ್ಟಾಗಿ ಬರೆದೆ.

ಭಾನುವಾರ ಹೋಟೆಲಿನ ಸಭಾಂಗಣದಲ್ಲಿ ಇನ್ನೂರು ಜನ. ತಟ್ಟೆಯಲ್ಲಿ ಗೋಮಾಂಸ, ಮೂರು ಬಗೆಯ ಆಲೂಗಡ್ಡೆ. ಆ ವರ್ಷ ಐದು ನಾಯಿಗಳಿಗೆ, ನಾಲ್ವರು ಮನುಷ್ಯರಿಗೆ ಗೌರವ. ನಲವತ್ತು ವರ್ಷ ಮೈದಾನದ ಗೇಟಿನಲ್ಲಿ ಓಟಕ್ಕೆ ಮುನ್ನ ನಾಯಿಗಳನ್ನು ತೂಗಿದ ಮುದುಕಿಯೊಬ್ಬಳನ್ನು ಕರೆದಾಗ ಎಲ್ಲರೂ ಎದ್ದು ನಿಂತರು. ಅವಳು ಮೈಕು ಹಿಡಿದು, “ನಾಯಿಗಳು ಸುಳ್ಳು ಹೇಳಲಿಲ್ಲ. ತೂಕದ ವಿಷಯದಲ್ಲಿ ನೀವೆಲ್ಲ ಹೇಳಿದ್ರಿ,” ಎಂದಳು. ಎಲ್ಲರೂ ನಕ್ಕರು.

ಆಮೇಲೆ ಮಾವನ ಸರದಿ. ಸಮಿತಿಯ ಗೆರಿ ಕಲ್ಹೇನ್ ಫಲಕ ಕೊಟ್ಟು ಕೈಕುಲುಕಿದ.

“ಡೆನಿ, ಮೂವತ್ತು ವರ್ಷ ನೀನು ಸಾಕಿದ ನಾಯಿಗಳನ್ನ ನನ್ನ ಅತ್ತೇನೂ ಹಿಂದೆ ಹಾಕ್ತಿದ್ಲು. ಇದೊಂದು ಹೇಗೆ ಓಡ್ತಪ್ಪಾ?”

ಮಾವ ನನ್ನ ಕಡೆ ನೋಡಿದರು. ನಾನು ದೃಷ್ಟಿ ಕದಲಿಸಲಿಲ್ಲ.

“ಬೆಳಿಗ್ಗೆ ನಾಲ್ಕು ಮೈಲಿ ಡಾಂಬರು ರಸ್ತೇಲಿ ನಡೆಸ್ತಿದ್ದೆ,” ಎಂದರು. “ಓಡಿಸ್ತಿರಲಿಲ್ಲ. ಬರೀ ನಡಿಗೆ. ಮನೆಗೆ ಬಂದು ಉಪ್ಪುನೀರಲ್ಲಿ ಕಾಲು ತೊಳೀತಿದ್ದೆ, ಬೆರಳು ಬೆರಳು ಬಿಡಿಸಿ. ಸಂಜೆ ಒಂದು ಗಂಟೆ ಮೈ ಉಜ್ಜೋದು. ಕತ್ತಿಂದ ಶುರು, ಬೆನ್ನು, ಆಮೇಲೆ ತೊಡೆ. ಎಡಗೈಲಿ ಹೆಚ್ಚು ಬಲ ಹಾಕ್ತಿದ್ದೆ.”

ಮಾವ ಬಲಗೈಯವರು. ಎಡಗೈ ಬಳಸುತ್ತಿದ್ದವನು ಲೋರ್ಕನ್.

“ಓಟದ ಹಿಂದಿನ ದಿನ ನನ್ನ ಹಳೇ ಸ್ವೆಟರ್ ಅದರ ಹಾಸಿಗೇಲಿ ಹಾಕ್ತಿದ್ದೆ. ಅದಿಲ್ಲದೆ ಮಲಗ್ತಿರಲಿಲ್ಲ.”

ಅವರು ಯಾವುದನ್ನೂ ತಪ್ಪು ಹೇಳಲಿಲ್ಲ. ಇಷ್ಟೆಲ್ಲ ನೋಡಿಟ್ಟುಕೊಂಡಿದ್ದಾರೆಂದು ನನಗೆ ಗೊತ್ತಿರಲಿಲ್ಲ. ಅಪ್ಪ ಮಗ ಹವಾಮಾನ ಬಿಟ್ಟು ಬೇರೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅವರ ಬಾಯಲ್ಲಿ ‘ನಡೆಸ್ತಿದ್ದೆ’, ‘ತೊಳೀತಿದ್ದೆ’ ಎಂದು ಬಂದಾಗಲೆಲ್ಲ ನಾನು ಒಳಗೇ ಅದನ್ನು ‘ನಡೆಸ್ತಿದ್ದ’, ‘ತೊಳೀತಿದ್ದ’ ಎಂದು ತಿದ್ದಿಕೊಂಡೆ. ಆಮೇಲೆ ಸಾಕಾಯಿತು, ಬಿಟ್ಟೆ.

ಚಪ್ಪಾಳೆ ಜೋರಾಗಿತ್ತು. ಮಾವ ಮೇಜಿಗೆ ಮರಳಿ ಫಲಕವನ್ನು ಬೋರಲು ಇಟ್ಟರು.

ಗೆರಿ ಚಹಾ ಹಿಡಿದು ನಮ್ಮ ಮೇಜಿಗೆ ಬಂದು ಕೂತ. ಒಳ್ಳೆಯ ಮನುಷ್ಯ. ಲೋರ್ಕನ್‌ನ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಅವನೂ ಒಬ್ಬ.

“ಲೋರ್ಕನ್ ಇರಬೇಕಿತ್ತು ಇವತ್ತು,” ಎಂದ.

“ಇರಬೇಕಿತ್ತು,” ಎಂದರು ಮಾವ.

“ನಿಷೇಧ ಮುಗಿದ ಮೇಲೂ ಎಷ್ಟು ಕಷ್ಟಪಟ್ಟ ಹುಡುಗ. ಆದ್ರೂ ಪಾಪ, ಅವನಿಗೆ ಅಂತ ಒಂದು ಒಳ್ಳೆ ನಾಯಿ ಸಿಗಲೇ ಇಲ್ಲ, ಅಲ್ವಾ?”

ಮಾವನ ಬಾಯಿ ತೆರೆಯಿತು. ಅವರು ಹೇಳಿಬಿಡುತ್ತಾರೆಂದು ನನಗೆ ಖಚಿತವಾಯಿತು. ಮೇಜಿನ ಕೆಳಗೆ ಅವರ ಮೊಣಕೈ ಹಿಡಿದೆ.

“ಇಲ್ಲ, ಗೆರಿ,” ಎಂದೆ. “ಸಿಗಲಿಲ್ಲ.”