ಕಣ್ಣಕ್ಕ ಒಪ್ಪದ ಕಪ್ಪು

ಕಪ್ಪು ಅಂದರೆ ಕಪ್ಪು, ಅದರಲ್ಲಿ ನೋಡುವುದೇನಿದೆ ಎಂದು ಕೇಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಕಾರಿನ ಪೇಂಟು ತಯಾರಿಸುವ ಕಾರ್ಖಾನೆಯಲ್ಲಿ ಬಣ್ಣ ಹೊಂದಿಸಿ ನೋಡುವುದೇ ನನ್ನ ಕೆಲಸ. ಯಂತ್ರ ಏನೇ ಹೇಳಲಿ, ನಾನು ಹೂಂ ಅನ್ನದೆ ಒಂದು ಡಬ್ಬವೂ ಗೇಟು ದಾಟುವುದಿಲ್ಲ. ಹಾಗಾಗಿ ಎಲ್ಲರಿಗೂ ನಾನು ಕಣ್ಣಕ್ಕ.

ಈ ವರ್ಷವೆಲ್ಲ ನನ್ನ ತಲೆ ತಿಂದದ್ದು ಒಂದು ಹೊಸ ಕಪ್ಪು. ಡ್ರೈವರ್ ಇಲ್ಲದೆ ಓಡುವ ಕಾರು ನಮ್ಮ ಕಣ್ಣಿಗೆ ಕಾಣದ ಬೆಳಕೊಂದನ್ನು ಬಿಡುತ್ತದೆ. ಅದು ಎದುರಿನ ವಸ್ತುವಿಗೆ ತಾಗಿ ಮರಳಿ ಬಂದರೆ ಅಲ್ಲೇನೋ ಇದೆ ಎಂದು ತಿಳಿದುಕೊಳ್ಳುತ್ತದೆ. ಹಳೆಯ ಕಪ್ಪು ಪೇಂಟು ಆ ಬೆಳಕನ್ನು ನುಂಗಿ ನೀರು ಕುಡಿಯುತ್ತದೆ. ಮುಂದೆ ಕಪ್ಪು ಕಾರು ನಿಂತಿದ್ದರೂ ಸೆನ್ಸರಿಗೆ ಖಾಲಿ ರಸ್ತೆ. ನಮ್ಮ ಲ್ಯಾಬಿನ ಕೆಮಿಸ್ಟ್ ಹುಡುಗಿ ಆ ಬೆಳಕನ್ನು ವಾಪಸು ಕಳಿಸುವ ಕಪ್ಪು ಮಾಡಿದಳು. ಮೊದಲ ಸಲವೇ ಸೆನ್ಸರು ಪಾಸು ಮಾಡಿತು, ನಾನು ಮಾಡಲಿಲ್ಲ. "ಕಂದು ಹೊಡೀತಿದೆ, ತಗೊಂಡ್ಹೋಗು" ಎಂದೆ. ನೀಲಿ ಬೆರೆಸಿ ತಂದಳು. ಆಗಲೂ ಕಂದು. ಮತ್ತಷ್ಟು ನೀಲಿ ಬೆರೆಸಿದಳು, ಬಾಯಿ ಬಿಟ್ಟು ಒಂದು ಮಾತೂ ಆಡಲಿಲ್ಲ.

ನಿನ್ನೆ ಅವಳು ಹೊಸ ಪೇಂಟು ಬಳಿದು ತಂದ ತಗಡನ್ನು, ಬಣ್ಣ ನೋಡುವ ದೀಪದ ಪೆಟ್ಟಿಗೆಯಲ್ಲಿ ಹಳೆಯ ಕಪ್ಪಿನ ತಗಡಿನ ಪಕ್ಕ ಇಟ್ಟೆ. ಎರಡೂ ಒಂದೇ!

"ಗೆದ್ದೆ ಕಣೇ!" ಎಂದೆ.

ಅವಳು ಕನ್ನಡಕ ಸರಿಮಾಡಿಕೊಂಡಳು. "ಅಕ್ಕಾ, ಸ್ವಲ್ಪ ನೀಲಿ ಅನ್ನಿಸ್ತಿಲ್ವಾ? ಬಣ್ಣ ಅಳೆಯೋ ಯಂತ್ರಾನೂ ಹಾಗೇ ಹೇಳ್ತಿದೆ."

"ಯಂತ್ರ ಕಾರು ಕೊಳ್ಳುತ್ತಾ? ಹೊಸ ಕನ್ನಡಕದ ಜಂಬ ಬೇರೆ. ಮೊದಲು ಅದನ್ನ ಒರೆಸ್ಕೋ."

ನಾನು ರುಜು ಹಾಕಿದರೆ ಆ ಪೇಂಟು ಸೀದಾ ಕಾರು ಕಂಪನಿಗೆ. ಅವರು ಬೇಡವೆಂದರೆ ಅವಳ ಕೆಲಸಕ್ಕೆ ಅಲ್ಲಿಗೇ ಎಳ್ಳುನೀರು. ಪೆನ್ನು ಎತ್ತಿದ್ದೆ. ಅಷ್ಟರಲ್ಲಿ ಬಲಗಣ್ಣಿಗೆ ರೆಪ್ಪೆಗೂದಲು ಬಿತ್ತು. ಅದನ್ನು ಉಜ್ಜುತ್ತಾ ಎಡಗಣ್ಣಲ್ಲೇ ನೋಡಿದರೆ ಹೊಸ ತಗಡು ನೀಲಿ! ಎಡಗಣ್ಣು ಮುಚ್ಚಿದೆ, ಕಪ್ಪು. ಬಲಗಣ್ಣು ಮುಚ್ಚಿದೆ, ನೀಲಿ. ನನ್ನದೇ ಎರಡು ಕಣ್ಣು ನನ್ನ ಮುಂದೆಯೇ ಜಗಳಕ್ಕೆ ನಿಂತಿದ್ದವು. ಯಾವುದರ ಪರ ನಿಲ್ಲಲಿ? ಹೆದರಿಕೆಯಾಯಿತು. ನಾಳೆ ನೋಡೋಣ ಎಂದು ಮನೆಗೆ ಬಂದುಬಿಟ್ಟೆ.

ನಮ್ಮವರು ಬಾಲ್ಕನಿಯಲ್ಲಿ ಸಂಜೆ ಬಿಸಿಲಿಗೆ ಕೂತಿದ್ದರು. ಅವರ ತಲೆಗೂದಲನ್ನೂ ಒಂದೊಂದೇ ಕಣ್ಣಲ್ಲಿ ನೋಡಿದೆ.

"ಏನೇ ಅದು, ಈ ವಯಸ್ಸಲ್ಲಿ ಕಣ್ಣು ಹೊಡೀತೀಯ?"

"ಸುಮ್ನಿರಿ. ಯಾವ ಡೈ ಇದು?"

"ನೀನೇ ತಾನೆ ಬದಲಾಯ್ಸಿದ್ದು! ಇಷ್ಟು ವರ್ಷ ಹಚ್ಚಿದ ಡೈಯನ್ನ ಇದ್ದಕ್ಕಿದ್ದ ಹಾಗೆ ಕಂದು ಅಂತ ಹಳಿದೆ. ಈಗ ಆಫೀಸಲ್ಲಿ ಎಲ್ಲ ನನ್ನನ್ನ ಇಂಕಿನ ಬಾಟ್ಲಿ ಅಂತಾರೆ."

ಎಡಗಣ್ಣಿಗೆ ಅವರ ತಲೆ ನಿಜಕ್ಕೂ ಶಾಯಿಯ ಹಾಗಿತ್ತು. ನಗು ಬರಲಿಲ್ಲ. ಅವರ ಹಳೆಯ ಡೈ ಕಂದಾಗಿರಲಿಲ್ಲ, ಪೊರೆಯೋ ಏನೋ ಬಂದು ನನ್ನ ಬಲಗಣ್ಣು ಬದಲಾಗಿತ್ತು. ಅಷ್ಟು ದಿನ ನಾನು ಬಣ್ಣ ನೋಡಿದ್ದು ಆ ಕಣ್ಣನ್ನು ನಂಬಿಯೇ ಇರಬೇಕು. ಹೇಳಿದರೆ ನನ್ನ ಕುರ್ಚಿ ಹೋಗುತ್ತದೆ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಕಂಪನಿಯವರು ಬೈದರೂ ಬೈಗುಳ ಹುಡುಗಿಗೆ.

ಇವತ್ತು ಬೆಳಿಗ್ಗೆ ಅವಳನ್ನು ಕರೆದೆ. "ಮೊದಲನೇ ತಗಡು ಇದೆಯಾ? ನಾನು ಕಂದು ಅಂದಿದ್ದು?"

ಬೀರುವಿನಿಂದ ತೆಗೆದುಕೊಟ್ಟಳು. ಬಲಗಣ್ಣು ಮುಚ್ಚಿಕೊಂಡು ಪೆಟ್ಟಿಗೆಯೊಳಗೆ ಬಗ್ಗಿದೆ. ಅಪ್ಪಟ ಕಪ್ಪು. ಹಳೆಯದು ಯಾವುದು, ಹೊಸದು ಯಾವುದು ಎಂದು ನನಗೇ ಗೊತ್ತಾಗಲಿಲ್ಲ. ಎರಡರೊಳಗಿನ ಬಣ್ಣದ ಪುಡಿ ಬೇರೆ ಬೇರೆ, ಹಾಗಾಗಿ ಕೆಟ್ಟ ಕಣ್ಣಿಗೆ ಹೊಸದೊಂದೇ ಕಂದಾಗಿ ಕಂಡಿತ್ತು.

"ಇದೇ ಸರಿ ಇತ್ತು ಕಣೇ. ಕೆಟ್ಟಿರೋದು ನನ್ನ ಕಣ್ಣು. ಮ್ಯಾನೇಜರ್‌ಗೆ ನಾನೇ ಹೇಳ್ತೀನಿ."

ಅವಳು ಆ ತಗಡನ್ನು ಕೈಗೆತ್ತಿಕೊಂಡು ನೋಡಿದಳು.

"ನಿನಗೆ ಆಗ್ಲೇ ಕಪ್ಪು ಕಾಣ್ತಿತ್ತಾ?"

"ಹೂಂ ಅಕ್ಕಾ."

"ಮತ್ತೆ ಬಾಯಿ ಬಿಟ್ಟು ಹೇಳೋಕೇನಾಗಿತ್ತು?"

ಅವಳು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡಳು.

"ನೀವು ಕಂದು ಅಂದ್ರಲ್ಲ, ಅದಕ್ಕೇ ಇದನ್ನ ಮಾಡಿಸ್ಕೊಂಡೆ."